ಸಿಗ್ನಲ್ ಫುಲ್, ನೆಟ್ ಸ್ಲೋ: ಅಂಬಲಪಾಡಿಯ ಒಂದು ಮನೆಯ ವೈಫೈ ಪ್ರಕರಣ

ಜುಲೈ ಎರಡನೇ ವಾರದ ಒಂದು ಬೆಳಿಗ್ಗೆ. ಅಂಗಡಿಯ ಶಟರ್ ಅರ್ಧ ಎತ್ತಿದ್ದೆ, ಅಷ್ಟರಲ್ಲಿ ಫೋನು ಬಂತು.

"ಎಂತ ಮಾರಾಯ, ನೆಟ್ ಒಟ್ಟು ಮಲಗಿಬಿಟ್ಟಿದೆ. ಮಳೆ ಜೋರಾದಂದಿನಿಂದ ಹೀಗೇ. ಒಮ್ಮೆ ಬಂದು ನೋಡ್ತಿಯಾ?"

ನಮ್ಮ ಮಾಸ್ಟ್ರು. ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು, ಈಗ ಪ್ರಾಯ ಎಪ್ಪತ್ತು ದಾಟಿದೆ. ಹೆಸರು ಹಾಕಬೇಡ, ಕಥೆ ಬೇಕಾದರೆ ಬರಿ ಎಂದಿದ್ದಾರೆ.

ಉಡುಪಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿರುವ ನನಗೆ ಮಳೆಗಾಲದಲ್ಲಿ ಇಂಥ ಫೋನು ಹೊಸತಲ್ಲ. ಹೆಚ್ಚಿನವು ಹತ್ತು ನಿಮಿಷದ ಕೆಲಸ. ರೂಟರ್ ಟಿವಿಯ ಬೆನ್ನಿಗೆ ಅಡಗಿರುತ್ತದೆ, ಇಲ್ಲವೇ ಕಂಪ್ಯೂಟರ್ ಯಾರಿಗೂ ಹೇಳದೆ ಹಿಂದಿನಿಂದ ಅಪ್‌ಡೇಟ್ ಇಳಿಸಿಕೊಳ್ಳುತ್ತಿರುತ್ತದೆ. ಮಾಸ್ಟ್ರ ಮನೆಯದ್ದು ಮಾತ್ರ ಮೂರು ಸಲ ಓಡಾಡಿಸಿತು. ಎರಡನೇ ಸಲ ನಾನು ಸರಿಮಾಡಿಯೇಬಿಟ್ಟೆ ಎಂದುಕೊಂಡು ಪತ್ರೊಡೆ ತಿಂದು ಬಂದಿದ್ದೆ. ಆದದ್ದೇ ಬೇರೆ. ಹಾಗಾಗಿ ತಪ್ಪು ಹೆಜ್ಜೆಗಳನ್ನೂ ಬಿಡದೆ ಮೊದಲಿನಿಂದ ಬರೆಯುತ್ತೇನೆ.

ಮನೆ ಮತ್ತು ಯಂತ್ರ

ಮನೆ ಅಂಬಲಪಾಡಿಯಲ್ಲಿ, ರಾಷ್ಟ್ರೀಯ ಹೆದ್ದಾರಿ 66ರಿಂದ ಸ್ವಲ್ಪ ಒಳಗೆ. ಹಳೆಯ ಭಾಗಕ್ಕೆ ಮುರಕಲ್ಲಿನ ಗೋಡೆ, ಹಂಚಿನ ಮಾಡು. ಅದಕ್ಕೆ ತಾಗಿ ಮಗ ಕಟ್ಟಿಸಿದ ತಾರಸಿಯ ಕೋಣೆ. ರೂಟರ್ ಇರುವುದು ಹಳೆಯ ಮನೆಯ ಚಾವಡಿಯಲ್ಲಿ, ಕಂಪ್ಯೂಟರ್ ತಾರಸಿ ಕೋಣೆಯಲ್ಲಿ. ನಡುವೆ ಒಂದು ದಪ್ಪ ಮುರಕಲ್ಲಿನ ಗೋಡೆ, ಒಂದು ಮರದ ಬಾಗಿಲು. ಹೆಜ್ಜೆ ಹಾಕಿ ಅಳೆದರೆ ಒಂಬತ್ತು ಮೀಟರ್ ಆಗಬಹುದು.

ಕನೆಕ್ಷನ್ ಊರಿನ ಕೇಬಲ್‌ನವರ ಫೈಬರ್, 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಪ್ಲಾನ್. ಕಂಪ್ಯೂಟರ್ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್, ವಿಂಡೋಸ್ 10. ಮೇ ತಿಂಗಳವರೆಗೆ ಅದು ವೈಫೈ ಕಂಡದ್ದೇ ಇಲ್ಲ. ಚಾವಡಿಯಿಂದ ಎಳೆದ ಲ್ಯಾನ್ ಕೇಬಲ್ ಇತ್ತು. ಮಳೆಗೆ ಮುಂಚಿನ ಗುಡುಗಿನಲ್ಲಿ ಒಂದು ರಾತ್ರಿ ಮದರ್‌ಬೋರ್ಡಿನ ಲ್ಯಾನ್ ಪೋರ್ಟ್ ಹೋಯಿತು. ಫೈಬರ್ ಅಂದರೆ ಗಾಜಿನ ಎಳೆ, ಅದರಲ್ಲಿ ಕರೆಂಟು ಹರಿಯುವುದಿಲ್ಲ ನಿಜ. ಆದರೆ ರೂಟರಿನ ಅಡಾಪ್ಟರಿಗೆ ಲೈನಿನಿಂದ ಬಂದ ಏಟು ಅಲ್ಲಿಂದ ತಾಮ್ರದ ಲ್ಯಾನ್ ಕೇಬಲ್ ಹಿಡಿದು ಕಂಪ್ಯೂಟರಿನವರೆಗೆ ಬರಲಿಕ್ಕೆ ಅಡ್ಡಿಯೇನಿಲ್ಲ. ನಮ್ಮ ಕಡೆ ಏಪ್ರಿಲ್, ಮೇಯಲ್ಲಿ ಹೀಗೆ ಸುಟ್ಟ ಪೋರ್ಟುಗಳನ್ನು ನೋಡಿ ನೋಡಿ ಸಾಕಾಗಿದೆ. ಮಾಸ್ಟ್ರು ಹೆದರಿ ಕೇಬಲನ್ನು ಸುರುಳಿ ಸುತ್ತಿ ಗೋಡೆಯ ಮೊಳೆಗೆ ತೂಗುಹಾಕಿದರು. ಪೇಟೆಯಿಂದ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಯುಎಸ್‌ಬಿ ವೈಫೈ ಡಾಂಗಲ್ ತಂದು ಸಿಪಿಯು ಹಿಂಬದಿಗೆ ಸಿಕ್ಕಿಸಿದರು. ಮೇ ಕೊನೆ, ಜೂನ್ ಪೂರ್ತಿ ಏನೂ ತೊಂದರೆಯಿಲ್ಲ.

ಫೋನಿನಲ್ಲೇ ನಾನು ಮೂರು ಪ್ರಶ್ನೆ ಕೇಳಿದ್ದೆ. ಯಾವಾಗಿನಿಂದ? ಯಾವ ಹೊತ್ತಿಗೆ? ಎಲ್ಲದರಲ್ಲೂ ಸ್ಲೋವಾ, ಒಂದರಲ್ಲಿ ಮಾತ್ರವಾ? ಉತ್ತರ: ಮಳೆ ಜೋರಾದ ಮೇಲೆ, ಸಂಜೆ ಹೊತ್ತು ಜಾಸ್ತಿ, ಮೊಬೈಲಿನಲ್ಲಿ ಅಡ್ಡಿಯಿಲ್ಲ, ಕಂಪ್ಯೂಟರಿನಲ್ಲಿ ಮಾತ್ರ. ಈಗ ನೋಡಿದರೆ ಅರ್ಧ ಉತ್ತರ ಅಲ್ಲೇ ಇತ್ತು. ಆದರೆ "ಮಳೆ", "ಸಂಜೆ" ಎಂಬ ಎರಡು ಶಬ್ದ ಕಿವಿಗೆ ಬಿದ್ದ ಕೂಡಲೇ ನನ್ನ ತಲೆ ತನ್ನದೇ ದಾರಿ ಹಿಡಿಯಿತು. ಮಳೆ ಅಂದರೆ ನೆನೆದ ಗೋಡೆ. ಸಂಜೆ ಅಂದರೆ ಊರೆಲ್ಲ ವಿಡಿಯೋ ನೋಡುವ ಹೊತ್ತು, ಕೇಬಲ್‌ನವರ ಲೈನಿನಲ್ಲಿ ನೂಕುನುಗ್ಗಲು.

ನನಗಿಂತ ಮುಂಚೆ ಕೇಬಲ್‌ನವರ ಹುಡುಗ ಬಂದು ರೂಟರ್ ಬದಲಿಸಿ ಹೋಗಿದ್ದ. ಹೊಸದು ಎರಡು ಬ್ಯಾಂಡಿನದು, ಅಂದರೆ ಎರಡು ರೇಡಿಯೋ ಪಟ್ಟಿಗಳಲ್ಲಿ ಮಾತಾಡುವಂಥದ್ದು, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಹಾಗೂ ಸರಿಯಾಗದಿದ್ದರೆ 200 ಎಂಬಿಪಿಎಸ್ ಪ್ಲಾನ್ ಹಾಕಿಸಿಕೊಳ್ಳಿ ಎಂದು ಹೇಳಿದ್ದನಂತೆ. ಪೈಪು ಕಟ್ಟಿಕೊಂಡಿರುವಾಗ ದೊಡ್ಡ ಟ್ಯಾಂಕಿ ಇಡಿ ಎಂದ ಹಾಗಾಯಿತು.

ಬೆಳಗಿನ ಭೇಟಿ

ನಾನು ಹೋದದ್ದು ಬೆಳಿಗ್ಗೆ ಹತ್ತೂವರೆಗೆ. ಎಲ್ಲ ಸರಿ ಇತ್ತು. ರೋಗಿ ಡಾಕ್ಟರನ್ನು ಕಂಡ ಕೂಡಲೇ ಜ್ವರ ಇಳಿದಂತೆ.

ಚಾವಡಿಯಲ್ಲಿ ರೂಟರ್ ಪಕ್ಕ ನಿಂತು ನನ್ನ ಮೊಬೈಲಿನಲ್ಲಿ ವೇಗ ಅಳೆದೆ: 94 ಎಂಬಿಪಿಎಸ್. ಕಂಪ್ಯೂಟರ್ ಕೋಣೆಯಲ್ಲಿ ಅದೇ ಮೊಬೈಲಿಗೆ 5 ಗಿಗಾಹರ್ಟ್ಸ್‌ನಲ್ಲಿ 61. ಕಂಪ್ಯೂಟರಿನಲ್ಲಿ 38. ಮಾಸ್ಟ್ರಿಗೆ ಈ 38 ನೋಡಿ ಬೇಜಾರಾಯಿತು, "ಡಬ್ಬಿಯ ಮೇಲೆ 150 ಅಂತ ಬರ್ದಿದ್ದಾರೆ ಅಲ್ವಾ" ಎಂದರು. ಆ 150 ಅಂಗಡಿಯ ಲೆಕ್ಕ. ಒಂದೇ ಆಂಟೆನಾದ, 2.4ರಲ್ಲಿ ಮಾತ್ರ ಕೆಲಸಮಾಡುವ, 802.11ಎನ್ ಎಂಬ ಹಳೆಯ ವೈಫೈ ತಲೆಮಾರಿನ ಡಾಂಗಲ್ 40 ಮೆಗಾಹರ್ಟ್ಸ್ ಅಗಲದ ಚಾನೆಲ್ (ಬ್ಯಾಂಡಿನೊಳಗಿನ ಒಂದು ಓಣಿ) ಪೂರ್ತಿ ಸಿಕ್ಕಿದರೆ ರೂಟರಿನೊಂದಿಗೆ ಮಾತಾಡಿಕೊಳ್ಳುವ ಗರಿಷ್ಠ ವೇಗ ಅದು. ಚಾನೆಲ್ ಅಗಲ 20ಕ್ಕೆ ಇಳಿದರೆ ಅದೇ ಲೆಕ್ಕ 72ಕ್ಕೆ ಬರುತ್ತದೆ. ವೈಫೈಯಲ್ಲಿ ಒಂದು ಚಾನೆಲಿನಲ್ಲಿ ಒಮ್ಮೆಗೆ ಒಬ್ಬರೇ ಮಾತಾಡಬೇಕು, ಪ್ರತಿ ತುಣುಕಿಗೂ "ಬಂತು" ಎಂಬ ರಸೀದಿ ವಾಪಸು ಬರಬೇಕು. ಈ ಶಿಷ್ಟಾಚಾರಕ್ಕೇ ಅರ್ಧದಷ್ಟು ಹೊತ್ತು ಹೋಗುತ್ತದೆ. ಹಾಗಾಗಿ ಒಂದು ಗೋಡೆ ದಾಟಿ 38 ಬಂದರೆ ಈ ಡಾಂಗಲ್ಲಿಗೆ ಅದು ಮರ್ಯಾದೆಯ ಅಂಕಿಯೇ.

ಸಿಗ್ನಲ್ ನೋಡಿದೆ. ವಿಂಡೋಸಿನ ಕಪ್ಪು ಪರದೆಯಲ್ಲಿ, ಅಂದರೆ ಕಮಾಂಡ್ ಪ್ರಾಂಪ್ಟಿನಲ್ಲಿ, 'ನೆಟ್‌ಶ್ ಡಬ್ಲ್ಯುಲ್ಯಾನ್ ಶೋ ಇಂಟರ್‌ಫೇಸಸ್' ಎಂದು ಕೊಟ್ಟರೆ ಎಷ್ಟನೇ ಚಾನೆಲ್, ಎಷ್ಟು ಲಿಂಕ್ ಸ್ಪೀಡ್, ಸಿಗ್ನಲ್ ಶೇಕಡಾ ಎಷ್ಟು ಎಂಬುದೆಲ್ಲ ಬರುತ್ತದೆ. ಸಿಗ್ನಲ್ 82. ಚೆನ್ನಾಗಿಯೇ ಇದೆ. ಟಾಸ್ಕ್ ಮ್ಯಾನೇಜರಿನಲ್ಲಿ ನೆಟ್ ತಿನ್ನುವ ಪ್ರೋಗ್ರಾಂ ಯಾವುದೂ ಇಲ್ಲ. ಡಾಂಗಲ್ಲಿನ ಡ್ರೈವರ್ ಹೊಸದು ಹಾಕಿದೆ, ಸುಮ್ಮನೆ ಸ್ಟಾರ್ಟ್ ಆಗುವ ಎರಡು ಮೂರು ಪ್ರೋಗ್ರಾಂ ನಿಲ್ಲಿಸಿದೆ. ನಿಜ ಹೇಳಬೇಕೆಂದರೆ ಬಂದದ್ದಕ್ಕೆ ಏನಾದರೂ ಮಾಡಿದೆ ಅನ್ನಿಸಿಕೊಳ್ಳಲಿಕ್ಕೆ ಮಾಡಿದ ಕೆಲಸ ಅದು.

ಹೊರಡುವಾಗ ಚಾ ತಂದುಕೊಟ್ಟ ಅಮ್ಮ, ಅಂದರೆ ಮಾಸ್ಟ್ರ ಹೆಂಡತಿ, ಒಂದು ಮಾತು ಹೇಳಿದರು. ಮಗ ದುಬೈಯಲ್ಲಿ, ಸಂಜೆ ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ಮೊಮ್ಮಗಳನ್ನು ನೋಡುವುದು ಇವರ ರೂಢಿ. "ಮಗುವಿನ ಮುಖ ಇಲ್ಲಿ ಚೂರು ಚೂರಾಗ್ತದೆ. ಅವರಿಗೆ ನಾವು ಸಮಾ ಕಾಣ್ತೇವಂತೆ. 'ನಮ್ಮಲ್ಲಿ ಎಂತ ತೊಂದರೆ ಇಲ್ಲ ಅಮ್ಮ' ಅಂತಾನೆ ಅವ."

ಮೊಬೈಲಿನ ಟಿಪ್ಪಣಿಯಲ್ಲಿ "ಇಲ್ಲಿ ಒಡೆಯುತ್ತದೆ, ಅಲ್ಲಿ ಸರಿ" ಎಂದು ಬರೆದುಕೊಂಡೆ. ಬರೆದುಕೊಂಡೆ ಅಷ್ಟೆ, ಯೋಚಿಸಲಿಲ್ಲ.

ಸಂಜೆಯ ಭೇಟಿ, ಸುಳ್ಳು ಜಯ

ಸಂಜೆಯ ಕಾಯಿಲೆಯನ್ನು ಸಂಜೆಯೇ ನೋಡಬೇಕು. ಮೂರು ದಿನ ಬಿಟ್ಟು ಆರೂವರೆಗೆ ಹೋದೆ. ಹಂಚಿನ ಮೇಲೆ ಮಳೆ ಎಷ್ಟು ಜೋರಾಗಿ ಬೀಳುತ್ತಿತ್ತೆಂದರೆ ಚಾವಡಿಯಲ್ಲಿ ಕೂಗಿ ಮಾತಾಡಬೇಕು. ತಾರಸಿ ಕೋಣೆಯಲ್ಲಿ ಮಾಸ್ಟ್ರು ತಮ್ಮ ಮಳೆಗಾಲದ ಕಸುಬಿನಲ್ಲಿದ್ದರು. ಮೇಜಿನ ಮೇಲೆ ಹಳೆಯ ಟೇಪ್ ರೆಕಾರ್ಡರ್, ಅದರಿಂದ ಒಂದು ವಯರು ಕಂಪ್ಯೂಟರಿಗೆ, ಪಕ್ಕದಲ್ಲಿ ಚಪ್ಪಲಿ ಡಬ್ಬಿಯ ತುಂಬ ಕ್ಯಾಸೆಟ್ಟು. ತಾಳಮದ್ದಳೆಯ ರೆಕಾರ್ಡಿಂಗುಗಳು, ಮೂವತ್ತು ನಲವತ್ತು ವರ್ಷ ಹಿಂದಿನವು. ಒಂದೊಂದನ್ನೇ ಓಡಿಸಿ ಕಂಪ್ಯೂಟರಿಗೆ ಇಳಿಸುತ್ತಿದ್ದರು.

ಆ ಹೊತ್ತಿಗೆ ನೆಟ್ ನಿಜವಾಗಿಯೂ ಸತ್ತಿತ್ತು. ವೇಗ ಅಳೆಯುವ ಪುಟ ತೆರೆಯಲಿಕ್ಕೇ ಒಂದು ನಿಮಿಷ. ಕೊನೆಗೆ ಬಂದ ಅಂಕಿ: ಡೌನ್‌ಲೋಡ್ 1.9, ಅಪ್‌ಲೋಡ್ 22. ಸಿಗ್ನಲ್ ಎಷ್ಟು? ಅದೇ 82. ಮೊಬೈಲಿನಲ್ಲಿ ಅದೇ ಕೋಣೆಯಲ್ಲಿ 58. ಅಂದರೆ ಕೇಬಲ್‌ನವರ ತಪ್ಪಲ್ಲ ಎಂಬುದು ಅಲ್ಲಿಗೇ ಖಚಿತವಾಯಿತು.

ಮೊಬೈಲಿನ ಆ್ಯಪಿನಲ್ಲಿ ಸುತ್ತಲಿನ ವೈಫೈಗಳನ್ನು ನೋಡಿದೆ. ಹಿಂಬದಿಯ ಅಪಾರ್ಟ್‌ಮೆಂಟಿನ ದೆಸೆಯಿಂದ 2.4ರಲ್ಲಿ ಹದಿನಾಲ್ಕು ನೆಟ್‌ವರ್ಕ್. ಇವರ ರೂಟರ್ 4ನೇ ಚಾನೆಲಿನಲ್ಲಿ, ಅದೂ 40 ಮೆಗಾಹರ್ಟ್ಸ್ ಅಗಲಕ್ಕೆ ಕಾಲು ಚಾಚಿ ಕೂತಿತ್ತು. 2.4 ಗಿಗಾಹರ್ಟ್ಸ್ ಬ್ಯಾಂಡ್ ಅಂದರೆ 2400ರಿಂದ 2483.5 ಮೆಗಾಹರ್ಟ್ಸ್, ಅಷ್ಟೇ ಜಾಗ. ಅದರಲ್ಲಿ ನಮ್ಮಲ್ಲಿ 13 ಚಾನೆಲ್. ಚಾನೆಲಿನಿಂದ ಚಾನೆಲಿಗೆ 5 ಮೆಗಾಹರ್ಟ್ಸ್ ಅಂತರ, ಆದರೆ ಒಂದೊಂದಕ್ಕೂ ಬೇಕಾಗುವ ಅಗಲ 20. ಆದ್ದರಿಂದ ಒಂದಕ್ಕೊಂದು ತಾಗದೆ ಕೂರಲಿಕ್ಕೆ ಸಾಮಾನ್ಯವಾಗಿ ಬಳಸುವುದು 1, 6, 11 ಈ ಮೂರನ್ನು. 4ರಲ್ಲಿ ಕೂತವನಿಗೆ ಒಂದರವನ ಮೊಣಕೈಯೂ ತಾಗುತ್ತದೆ, ಆರರವನದ್ದೂ ತಾಗುತ್ತದೆ. ಸಿಕ್ಕಿತು ಕಳ್ಳ ಎಂದುಕೊಂಡೆ.

ಕಂಪ್ಯೂಟರಿನಲ್ಲಿ ರೂಟರಿನ ಪುಟ ತೆರೆಯಲಿಲ್ಲ. "ಚಾವಡಿಗೆ ಹೋಗಿ ಮೊಬೈಲಿನಲ್ಲೇ ಬದಲಿಸಿ ಬರ್ತೇನೆ, ಮತ್ತೆ ಕಂಪ್ಯೂಟರ್ ಒಮ್ಮೆ ರಿಸ್ಟಾರ್ಟ್ ಮಾಡುವ" ಎಂದೆ. ಮಾಸ್ಟ್ರು "ಹಾಗಾದ್ರೆ ತಡಿ, ಇದನ್ನು ನಿಲ್ಲಿಸಿಬಿಡ್ತೇನೆ" ಎಂದು ಟೇಪ್ ನಿಲ್ಲಿಸಿದರು. ನಾನು ಚಾವಡಿಯಲ್ಲಿ ಚಾನೆಲ್ 11, ಅಗಲ 20 ಎಂದು ಕೊಟ್ಟು, ರೂಟರ್ ಎದ್ದು ಕೂರುವವರೆಗೆ ಅಮ್ಮನ ಪತ್ರೊಡೆ ತಿಂದೆ. ವಾಪಸು ಬಂದು ಅಳೆದರೆ 41! ಬೆಳಗಿನ 38ಕ್ಕಿಂತಲೂ ಜಾಸ್ತಿ. ದುಬೈಗೆ ಫೋನು ಹಚ್ಚಿದರು, ಮೊಮ್ಮಗಳ ಹಲ್ಲು ಬಿದ್ದ ಜಾಗವೂ ಸ್ಪಷ್ಟ ಕಂಡಿತು. ಅಮ್ಮ ಇನ್ನೊಂದು ತುಂಡು ಪತ್ರೊಡೆ ಹಾಕಿದರು.

ಎರಡು ದಿನ. ಆಮೇಲೆ ಫೋನು: "ಪುನಃ ಅದೇ ಕಥೆ ಮಾರಾಯ."

ಮೂರನೇ ಸಲ

ನಾಚಿಕೆಯಾಯಿತು. ಮೊದಲನೇ ದಿನವೇ ಮಾಡಬೇಕಾದದ್ದನ್ನು ಮೂರನೇ ದಿನ ಮಾಡಿದೆ. ಏನನ್ನೂ ಬದಲಿಸದೆ, ಸುಮ್ಮನೆ ಕೂತು, ನೋಡುವುದು.

ಐದೂಮುಕ್ಕಾಲಿಗೆ ಕಂಪ್ಯೂಟರಿನಲ್ಲಿ ಎರಡು ಕಪ್ಪು ಕಿಟಕಿ ತೆರೆದೆ. ಒಂದರಲ್ಲಿ ಮನೆಯ ರೂಟರಿಗೆ, ಅಂದರೆ 192.168.1.1ಕ್ಕೆ, ನಿಲ್ಲದೆ ಪಿಂಗ್. ಇನ್ನೊಂದರಲ್ಲಿ ಹೊರಗಿನ ಲೋಕಕ್ಕೆ, ಗೂಗಲ್‌ನವರ 8.8.8.8 ಎಂಬ ವಿಳಾಸಕ್ಕೆ. ಪಿಂಗ್ ಅಂದರೆ ಒಂದು ಸಣ್ಣ ಕೂಗು. ಆ ಕಡೆಯಿಂದ ಓ ಎನ್ನುವುದಕ್ಕೆ ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂದು ಸೆಕೆಂಡಿಗೊಂದು ಸಾಲು ಬರುತ್ತದೆ. ಆದೇಶದ ಕೊನೆಗೆ ಸಣ್ಣ ಗೆರೆ ಎಳೆದು 'ಟಿ' ಹಾಕಿದರೆ ನಾವು ನಿಲ್ಲಿಸುವವರೆಗೆ ಕೂಗುತ್ತಲೇ ಇರುತ್ತದೆ.

"ಇದೆಂತದು ಎರಡೆರಡು?" ಎಂದರು ಮಾಸ್ಟ್ರು.

"ಈ ಕಿಟಕಿ ಮನೆಯ ಒಳಗಿನದ್ದು ಮಾಸ್ಟ್ರೆ, ಇದು ಹೊರಗಿನದ್ದು. ಒಳಗಿನದ್ದು ಸರಿ ಇದ್ದು ಹೊರಗಿನದ್ದು ಕೆಟ್ಟರೆ ಕೇಬಲ್‌ನವರಿಗೆ ಫೋನ್ ಮಾಡಿ. ಒಳಗಿನದ್ದೇ ಕೆಟ್ಟರೆ ನನಗೆ ಮಾಡಿ."

ಹತ್ತು ನಿಮಿಷ ಏನೂ ಇಲ್ಲ. ಒಳಗಿನ ಕಿಟಕಿಯಲ್ಲಿ 2, 3, 2, 2, 4, 3. ಮಾಸ್ಟ್ರಿಗೆ ಸುಮ್ಮನೆ ಕೂತು ಅಭ್ಯಾಸವಿಲ್ಲ. "ಇದು ಸ್ಲೋ ಆಗುವವರೆಗೆ ನಾನೊಂದು ಕ್ಯಾಸೆಟ್ ಹಾಕ್ತೇನೆ" ಎಂದು ಮೇಜಿನ ಡ್ರಾಯರಿನಿಂದ ಒಂದು ಹಾರ್ಡ್ ಡಿಸ್ಕ್ ತೆಗೆದರು. ಮಗ ರಜೆಯಲ್ಲಿ ಬಂದಾಗ ಕೊಟ್ಟು ಹೋದದ್ದು, ಅಂಗೈಯಷ್ಟು ದೊಡ್ಡದು. ಬಗ್ಗಿ, ಸಿಪಿಯು ಹಿಂದೆ ಕೈ ತೂರಿಸಿ, ತಡಕಾಡಿ ಸಿಕ್ಕಿಸಿದರು. ಡಿಸ್ಕಿನ ಸಣ್ಣ ನೀಲಿ ದೀಪ ಮಿನುಗತೊಡಗಿತು.

3. 2. 3. 2. 168. 94. 'ರಿಕ್ವೆಸ್ಟ್ ಟೈಮ್ಡ್ ಔಟ್'. 231. 'ರಿಕ್ವೆಸ್ಟ್ ಟೈಮ್ಡ್ ಔಟ್'. 'ರಿಕ್ವೆಸ್ಟ್ ಟೈಮ್ಡ್ ಔಟ್'. 77.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಮಾಸ್ಟ್ರೆ, ಅದನ್ನೊಮ್ಮೆ ತೆಗೀರಿ." ಸೇಫ್ಲಿ ರಿಮೂವ್ ಎಲ್ಲ ಮಾಡಿಸಿ ತೆಗೆಸಿದೆ. 4. 2. 3. 2. "ಈಗ ಹಾಕಿ." 112. 'ರಿಕ್ವೆಸ್ಟ್ ಟೈಮ್ಡ್ ಔಟ್'. 190. ಮೂರನೇ ಸಲ ತೆಗೆದು ಹಾಕುವಾಗ ಅವರಿಗೇ ನಗು ಬಂತು. "ಇದೆಂತ ಮಾಟವಾ ಮಾರಾಯ! ಡಿಸ್ಕಿಗೂ ನೆಟ್ಟಿಗೂ ಎಂತ ಸಂಬಂಧ?"

ಸಿಪಿಯು ತಿರುಗಿಸಿ ಟಾರ್ಚ್ ಬಿಟ್ಟು ನೋಡಿದೆ. ಹಿಂಬದಿಯಲ್ಲಿ ನೀಲಿ ನಾಲಗೆಯ ಎರಡು ಯುಎಸ್‌ಬಿ ಪೋರ್ಟ್, ಒಂದರ ಮೇಲೊಂದು. ನೀಲಿ ಅಂದರೆ ಯುಎಸ್‌ಬಿ 3. ಮೇಲಿನದರಲ್ಲಿ ಡಾಂಗಲ್, ಕೆಳಗಿನದರಲ್ಲಿ ಡಿಸ್ಕಿನ ವಯರು. ಎರಡರ ನಡುವೆ ಒಂದು ಬೆರಳು ತೂರದಷ್ಟು ಜಾಗ.

ಕರೆಂಟಾ, ಗಲಾಟೆಯಾ?

ಮೊದಲು ಬಂದ ಅನುಮಾನ ಕರೆಂಟಿನದು. ಡಿಸ್ಕ್ ತಿರುಗಲಿಕ್ಕೆ ಯುಎಸ್‌ಬಿಯಿಂದಲೇ ವಿದ್ಯುತ್ ಎಳೆಯುತ್ತದೆ. ಹಳೆಯ ಮದರ್‌ಬೋರ್ಡು, ಡಿಸ್ಕ್ ಎಳೆದ ಮೇಲೆ ಡಾಂಗಲ್ಲಿಗೆ ಸಾಲದೆ ಬರುತ್ತಿರಬಹುದಲ್ಲ? ಹಾಗಾದರೆ ಡಿಸ್ಕ್ ಎಲ್ಲಿ ಹಾಕಿದರೂ ಸರಿ, ಡಾಂಗಲ್ ಎಲ್ಲಿದ್ದರೂ ಸರಿ, ತೊಂದರೆ ಉಳಿಯಬೇಕು. ಚೀಲದಲ್ಲಿ ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಶನ್ ವಯರು ಇತ್ತು. ಡಿಸ್ಕನ್ನು ಮುಟ್ಟಲಿಲ್ಲ. ಡಾಂಗಲನ್ನು ಅದೇ ಮೇಲಿನ ಪೋರ್ಟಿನಿಂದ ಕಿತ್ತು, ಅದೇ ಪೋರ್ಟಿಗೆ ವಯರು ಹಾಕಿ, ವಯರಿನ ತುದಿಗೆ ಡಾಂಗಲ್ ಸಿಕ್ಕಿಸಿ ಮೇಜಿನ ಮೇಲೆ ತಂದಿಟ್ಟೆ. ಪೋರ್ಟ್ ಅದೇ, ಕರೆಂಟು ಅದೇ, ಡಿಸ್ಕಿನ ನೀಲಿ ದೀಪ ಮಿನುಗುತ್ತಲೇ ಇದೆ.

3. 2. 2. 3.

ವಯರಿನ ತುದಿಯನ್ನು ನಿಧಾನ ಡಿಸ್ಕಿನ ಬೆನ್ನಿಗೆ ತಂದೆ. 40. 88. ಡಿಸ್ಕಿನ ಪ್ಲಗ್ಗಿಗೆ ತಾಗಿಸಿದೆ. 'ರಿಕ್ವೆಸ್ಟ್ ಟೈಮ್ಡ್ ಔಟ್'. ದೂರ ಒಯ್ದೆ. 3. ಕರೆಂಟಲ್ಲ, ಸಾಮೀಪ್ಯ.

ಕಾರಣ ಹೊಸತೇನಲ್ಲ. ಇಂಟೆಲ್ ಕಂಪನಿ 2012ರಲ್ಲೇ ಇದರ ಮೇಲೆ ಒಂದು ತಾಂತ್ರಿಕ ವರದಿ ಹೊರತಂದಿತ್ತು. ಯುಎಸ್‌ಬಿ 3 ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಸೊನ್ನೆ ಒಂದುಗಳನ್ನು ತಳ್ಳುತ್ತದೆ. ತಾಮ್ರದಲ್ಲಿ ಅಷ್ಟು ವೇಗವಾಗಿ ಏರಿಳಿದರೆ ಅದು ವಯರಿನ ಒಳಗೆ ಮಾತ್ರ ಉಳಿಯುವುದಿಲ್ಲ. ಪ್ಲಗ್ಗಿನ ಸಂದಿಯಿಂದ, ವಯರಿನಿಂದ, ಡಿಸ್ಕಿನ ಡಬ್ಬಿಯಿಂದ ರೇಡಿಯೋ ಗದ್ದಲವಾಗಿ ಸೋರುತ್ತದೆ. ಆ ಗದ್ದಲ ಅಗಲಕ್ಕೆ ಹರಡಿ 2.4 ಗಿಗಾಹರ್ಟ್ಸ್ ಬ್ಯಾಂಡನ್ನೂ ಪೂರ್ತಿ ಮುಚ್ಚುತ್ತದೆ. ಹತ್ತಿರದಲ್ಲಿ ಗದ್ದಲದ ಮಟ್ಟ ಸುಮಾರು 20 ಡೆಸಿಬೆಲ್ ಏರಿದ್ದನ್ನು ಆ ವರದಿ ತೋರಿಸಿದೆ. 20 ಡೆಸಿಬೆಲ್ ಅಂದರೆ ಶಕ್ತಿಯ ಲೆಕ್ಕದಲ್ಲಿ ನೂರು ಪಟ್ಟು. ಡಿಸ್ಕ್ ಸುಮ್ಮನಿದ್ದರೂ ಕೊಂಡಿ ಎಚ್ಚರವಾಗಿರುವಷ್ಟು ಹೊತ್ತು ಎರಡೂ ತುದಿಗಳು ಖಾಲಿ ಸಂಕೇತಗಳನ್ನು ಎಸೆದಾಡುತ್ತಲೇ ಇರುತ್ತವೆ, ಹಾಗಾಗಿ ಫೈಲ್ ಕಾಪಿ ಆಗದಿದ್ದರೂ ಗಲಾಟೆ ತಪ್ಪುವುದಿಲ್ಲ. ಇನ್ನು ಚಾನೆಲ್ 4 ಬಿಟ್ಟು 11ಕ್ಕೆ ಹೋದರೇನು, 1ಕ್ಕೆ ಹೋದರೇನು?

ಮಾಸ್ಟ್ರಿಗೆ ಇದನ್ನು ಹೇಳುವಾಗ ಡೆಸಿಬೆಲ್ ಎಂದರೆ ಆಗುವುದಿಲ್ಲ. "ಭಾಗವತರು ಗದ್ದೆಯ ಆಚೆ ಕರೆಯಲ್ಲಿ ಪದ ಹೇಳ್ತಿದ್ದಾರೆ ಅಂತ ಇಟ್ಕೊಳ್ಳಿ. ನೀವು ಈಚೆ ಚೆಂಡೆಯವನ ಮಗ್ಗುಲಲ್ಲೇ ಕೂತಿದ್ದೀರಿ" ಎಂದೆ. ಥಟ್ಟನೆ ಹಿಡಿದರು: "ಭಾಗವತರ ಸ್ವರ ಕಮ್ಮಿ ಆದದ್ದಲ್ಲ, ನನ್ನ ಕಿವಿ ಹೋದದ್ದು."

ಅಷ್ಟೇ. ಸಿಗ್ನಲ್ 82ರಿಂದ ಕದಲದೆ ನನ್ನನ್ನು ಮೋಸಗೊಳಿಸಿದ್ದೂ ಅದಕ್ಕೇ. ಆ ಕಡ್ಡಿಗಳು ರೂಟರಿನ ಸ್ವರ ಎಷ್ಟು ಜೋರು ಎಂದಷ್ಟೇ ಹೇಳುತ್ತವೆ, ಸುತ್ತ ಗದ್ದಲ ಎಷ್ಟು ಎಂದು ಹೇಳುವುದಿಲ್ಲ. ವೈಫೈಗೆ ಬೇಕಾದದ್ದು ಎರಡರ ಅಂತರ.

ಮತ್ತೆ ಅಮ್ಮನ ಮಾತು ನೆನಪಾಯಿತು. ಇಲ್ಲಿ ಒಡೆಯುತ್ತದೆ, ಅಲ್ಲಿ ಸರಿ. ಗದ್ದಲ ಇದ್ದದ್ದು ಡಾಂಗಲ್ಲಿನ ಕಿವಿಯ ಹತ್ತಿರ, ರೂಟರಿನ ಕಿವಿಯ ಹತ್ತಿರ ಅಲ್ಲ. ಡಾಂಗಲ್ ಹೇಳಿದ್ದನ್ನು ಒಂಬತ್ತು ಮೀಟರ್ ಆಚೆಯ ರೂಟರ್ ಚೆನ್ನಾಗಿಯೇ ಕೇಳಿಸಿಕೊಳ್ಳುತ್ತಿತ್ತು. ಆದ್ದರಿಂದ ಅಪ್‌ಲೋಡ್ 22, ದುಬೈಯಲ್ಲಿ ಅಜ್ಜ ಅಜ್ಜಿ ಸ್ಪಷ್ಟ. ರೂಟರ್ ಹೇಳಿದ್ದು ಡಾಂಗಲ್ಲಿಗೆ ಕೇಳುತ್ತಿರಲಿಲ್ಲ; ರಸೀದಿ ಬಾರದಿದ್ದಾಗ ರೂಟರ್ ಅದನ್ನೇ ಮತ್ತೆ ಮತ್ತೆ ಹೇಳುತ್ತದೆ, ಹೇಳುವ ವೇಗವನ್ನೂ ಇಳಿಸುತ್ತ ಹೋಗುತ್ತದೆ; ಆದ್ದರಿಂದ ಡೌನ್‌ಲೋಡ್ 1.9, ಇಲ್ಲಿ ಮೊಮ್ಮಗಳ ಮುಖ ಚೂರು. ಸಾಮಾನ್ಯವಾಗಿ ದೂರದ ಡಾಂಗಲ್ಲಿಗೆ ಅಪ್‌ಲೋಡೇ ಮೊದಲು ಸೋಲುವುದು, ಯಾಕೆಂದರೆ ಅದರ ಸ್ವರ ರೂಟರಿನಷ್ಟು ದೊಡ್ಡದಲ್ಲ. ಇಲ್ಲಿ ತಲೆಕೆಳಗಾಗಿತ್ತು. ಈ ತಲೆಕೆಳಗಾದ ಅಂಕಿ ಎರಡನೇ ಭೇಟಿಯಲ್ಲಿ ನನ್ನ ಕಣ್ಣೆದುರೇ ಇತ್ತು. ಅಮ್ಮ ಅದನ್ನು ಮೀಟರ್ ಇಲ್ಲದೆಯೇ ಅಳೆದಿದ್ದರು.

ನನ್ನ ಸುಳ್ಳು ಜಯದ ಗುಟ್ಟೂ ಬಯಲಾಯಿತು. ಅವತ್ತು ನಾನು ಚಾವಡಿಗೆ ಹೋದಾಗ ಡಿಸ್ಕ್ ಏನು ಮಾಡಿದಿರಿ ಎಂದು ಕೇಳಿದೆ. "ಕಂಪ್ಯೂಟರ್ ರಿಸ್ಟಾರ್ಟ್ ಮಾಡುವ ಅಂದಿಯಲ್ಲ, ಎಂತಾದ್ರೂ ಹಾಳಾದ್ರೆ ಅಂತ ಡಿಸ್ಕ್ ತೆಗೆದು ಡ್ರಾಯರಲ್ಲಿ ಇಟ್ಟೆ." ನಾನು ಬದಲಿಸಿದ್ದು ಚಾನೆಲ್, ನನಗೆ ತಿಳಿಯದೆ ಬದಲಾದದ್ದು ಡಿಸ್ಕ್. ಕ್ರೆಡಿಟ್ ಮಾತ್ರ ಚಾನೆಲಿಗೆ ಹೋಯಿತು, ಪತ್ರೊಡೆ ನನಗೆ.

ಮಳೆಯದೂ ಒಂದು ಪಾಲು

ಹಾಗಾದರೆ ಮಳೆ ನಿರ್ದೋಷಿಯೇ? ಪೂರ್ತಿ ಅಲ್ಲ. ಮುರಕಲ್ಲು ತೂತು ತೂತಿನ ಕಲ್ಲು, ಗಿಲಾವು ಇಲ್ಲದ ಕಡೆ ನೀರು ಕುಡಿಯುತ್ತದೆ. ನೀರು 2.4 ಗಿಗಾಹರ್ಟ್ಸ್ ಅಲೆಯನ್ನು ಹೀರುತ್ತದೆ ಎಂಬುದೂ ನಿಜ. ಆದರೆ ಮಾಸ್ಟ್ರ ಮನೆಯಲ್ಲಿ ಆ ಗೋಡೆ ಈಗ ಎರಡು ಕೋಣೆಗಳ ನಡುವಿನದು, ನೆನೆಯುವುದೇ ಇಲ್ಲ.

ಮಳೆ ಬೇರೆ ದಾರಿಯಲ್ಲಿ ಬಂದಿತ್ತು. ಮೇ ಕೊನೆಗೆ ಬರುವ ಪತ್ತನಾಜೆ ಕಳೆದ ಮೇಲೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ದೀಪಾವಳಿಯ ಆಚೆಗೆ ಮತ್ತೆ ಹೊರಡುವವರೆಗೆ ಮಾಸ್ಟ್ರಿಗೆ ರಾತ್ರಿ ಆಟಕ್ಕೆ ಹೋಗಲಿಕ್ಕಿಲ್ಲ. ಸಂಜೆ ಪುರುಸೊತ್ತು. ಜೂನ್ ಕೊನೆಗೆ ಕಪಾಟು ತೆರೆದಾಗ ಕ್ಯಾಸೆಟ್ಟುಗಳ ಟೇಪಿನ ಮೇಲೆ ಬಿಳಿ ಬೂಷ್ಟು ಕಂಡಿತು. ಗಾಬರಿಯಾಗಿ, ಇನ್ನು ತಡಮಾಡಿದರೆ ಉಳಿಯುವುದಿಲ್ಲ ಎಂದು ಕಂಪ್ಯೂಟರಿಗೆ ಇಳಿಸಲು ಸುರುಮಾಡಿದರು. ಇಳಿಸಿದ್ದು ನೇರ ಮಗ ಕೊಟ್ಟ ಡಿಸ್ಕಿಗೆ. ಒಂದು ಸಿ-90 ಕ್ಯಾಸೆಟ್ಟಿಗೆ ಒಂದೂವರೆ ಗಂಟೆ. ಅದು ಓಡುತ್ತಿರುವಾಗ ಸುಮ್ಮನೆ ಕೂರುವ ಬದಲು ದುಬೈಗೆ ವಿಡಿಯೋ ಕಾಲ್. ಮಳೆ, ಸಂಜೆ, ಕಂಪ್ಯೂಟರಿನಲ್ಲಿ ಮಾತ್ರ ಎಂದು ಮಾಸ್ಟ್ರು ಮೊದಲ ದಿನ ಹೇಳಿದ ಮೂರೂ ಅಕ್ಷರಶಃ ನಿಜ.

ಪರಿಹಾರ

ಖರ್ಚು 180 ರೂಪಾಯಿ, ಎಕ್ಸ್‌ಟೆನ್ಶನ್ ವಯರಿನದು. ಡಾಂಗಲ್ ಈಗ ಮೇಜಿನ ಮೇಲೆ ಪೆನ್ನು ಸ್ಟ್ಯಾಂಡಿಗೆ ಕಟ್ಟಿಕೊಂಡು, ಬಾಗಿಲಿನ ಕಡೆ ಮುಖಮಾಡಿ ಕೂತಿದೆ. ಸಿಪಿಯು ತಗಡಿನ ಮರೆಯಿಂದ ಹೊರಬಂದದ್ದರಿಂದ ಸಿಗ್ನಲ್ಲೂ 82 ಇದ್ದದ್ದು 90 ಆಯಿತು.

ಇದೊಂದೇ ಸಾಕಿತ್ತು. ಆದರೂ ಡಿಸ್ಕನ್ನು ನೀಲಿ ಪೋರ್ಟಿನಿಂದ ಎಬ್ಬಿಸಿ ಕಪ್ಪು ಪೋರ್ಟಿಗೆ, ಅಂದರೆ ಯುಎಸ್‌ಬಿ 2ಕ್ಕೆ ಹಾಕಿಸಿದೆ. ಅಲ್ಲಿ 5 ಗಿಗಾಬಿಟ್ ಓಟ ಇಲ್ಲ, ಆ ಗದ್ದಲವೂ ಇಲ್ಲ. "ಸ್ಲೋ ಆಗುದಿಲ್ವಾ?" ಎಂಬ ಪ್ರಶ್ನೆ ಬಂತು. ಲೆಕ್ಕ ಹಾಕಿ ತೋರಿಸಿದೆ: ಸಿಡಿ ಗುಣಮಟ್ಟದ ಧ್ವನಿ ಸೆಕೆಂಡಿಗೆ 44,100 ಸಲ, ಸಲಕ್ಕೆ ಎರಡು ಬೈಟ್, ಎಡ ಬಲ ಎರಡು ಬದಿ. ಸೆಕೆಂಡಿಗೆ 1,76,400 ಬೈಟ್, ನಿಮಿಷಕ್ಕೆ ಹತ್ತೂವರೆ ಎಂಬಿ, ಇಡೀ ಸಿ-90ಕ್ಕೆ 950 ಎಂಬಿಯಷ್ಟು. ಯುಎಸ್‌ಬಿ 2 ಸೆಕೆಂಡಿಗೆ ಮೂವತ್ತು ಎಂಬಿ ಆರಾಮಾಗಿ ಸಾಗಿಸುತ್ತದೆ. ಕ್ಯಾಸೆಟ್ ಕೊಡುವುದು ಅದರ ನೂರರಲ್ಲಿ ಒಂದು ಪಾಲೂ ಇಲ್ಲ.

ಡಿಸ್ಕ್ ಓಡುತ್ತಿರುವಾಗ, ಕ್ಯಾಸೆಟ್ ಇಳಿಯುತ್ತಿರುವಾಗ, ಸಂಜೆ ಏಳಕ್ಕೆ ಅಳೆದ ಅಂಕಿ: ಡೌನ್‌ಲೋಡ್ 43, ಅಪ್‌ಲೋಡ್ 39, ರೂಟರಿಗೆ ಪಿಂಗ್ 2ರಿಂದ 4. ಚಾನೆಲ್ 11, ಅಗಲ 20 ಹಾಗೆಯೇ ಬಿಟ್ಟೆ. ಅಪಾರ್ಟ್‌ಮೆಂಟಿನವರ ನಡುವೆ ಅದು ಒಳ್ಳೆಯದೇ.

ಹೊಸದಾಗಿ ಕೊಳ್ಳುವವರಿಗಾದರೆ 5 ಗಿಗಾಹರ್ಟ್ಸ್ ಇರುವ ಡಾಂಗಲ್ಲೇ ತೆಗೆದುಕೊಳ್ಳಿ ಎನ್ನುತ್ತೇನೆ. ಯುಎಸ್‌ಬಿಯ ಈ ಗಲಾಟೆ ಕಾಡುವುದು 2.4ನ್ನು. ಆದರೆ 5ಕ್ಕೆ ಗೋಡೆ ದಾಟುವ ತಾಕತ್ತು ಕಡಿಮೆ, ಎರಡು ಮುರಕಲ್ಲಿನ ಗೋಡೆ ಅಡ್ಡ ಬಂದರೆ ಖರೀದಿಗೆ ಮುಂಚೆ ಆ ಜಾಗದಲ್ಲಿ ಮೊಬೈಲು ಹಿಡಿದು ಅಳೆದು ನೋಡಬೇಕು. ಎಲ್ಲಕ್ಕಿಂತ ಒಳ್ಳೆಯದು ಲ್ಯಾನ್ ಕೇಬಲ್ಲೇ. ಹೊಸ ಲ್ಯಾನ್ ಕಾರ್ಡ್ ಹಾಕಿಕೊಡ್ತೇನೆ, ಗುಡುಗುವಾಗ ಎರಡೂ ತುದಿ ಕಿತ್ತಿಟ್ಟರೆ ಆಯಿತು ಎಂದೆ. ಮಾಸ್ಟ್ರು ಮೊಳೆಯಲ್ಲಿ ತೂಗುತ್ತಿದ್ದ ಸುರುಳಿಯನ್ನು ಒಮ್ಮೆ ನೋಡಿ, ತಲೆ ಅಲ್ಲಾಡಿಸಿದರು.

ಇದಾದ ಮೇಲೆ ಮಣಿಪಾಲದ ಒಬ್ಬ ವಿದ್ಯಾರ್ಥಿ ಲ್ಯಾಪ್‌ಟಾಪ್ ತಂದಿದ್ದ. ವಯರ್‌ಲೆಸ್ ಮೌಸ್ ಆಗಾಗ ತಡವರಿಸುತ್ತದೆ, ಮೌಸ್ ಬದಲಿಸಿದರೂ ಹೋಗಲಿಲ್ಲ ಎಂದ. ನಾನು ಮೌಸ್ ನೋಡಲೇ ಇಲ್ಲ, ಪಕ್ಕದ ಪೋರ್ಟಿನಲ್ಲಿ ಎಂತ ಹಾಕ್ತಿ ಎಂದು ಕೇಳಿದೆ. ಆ ಮೌಸಿನದೂ 2.4 ಗಿಗಾಹರ್ಟ್ಸೇ.

ಆಗಸ್ಟಿನಲ್ಲಿ ಒಂದು ರಾತ್ರಿ ಗಾಳಿಮಳೆಗೆ ಅಂಬಲಪಾಡಿ ಕಡೆ ತೆಂಗಿನ ಮರವೊಂದು ಕೇಬಲ್‌ನವರ ಲೈನಿನ ಮೇಲೆ ಬಿತ್ತು. ಬೆಳಿಗ್ಗೆ ಮಾಸ್ಟ್ರ ಫೋನು.

"ನೆಟ್ ಇಲ್ಲ ಮಾರಾಯ. ನೀನು ಬರುದು ಬೇಡ. ಒಳಗಿನ ಕಿಟಕಿಯಲ್ಲಿ ಮೂರು ಬರ್ತಾ ಉಂಟು, ಹೊರಗಿನದ್ದು ಇಲ್ಲವೇ ಇಲ್ಲ. ಕೇಬಲ್‌ನವರಿಗೆ ಹೇಳಿ ಆಯ್ತು."